ಹಳೇ ಬಂದರು ಎಲ್ಲಿದೆ ಎಂದು ಕೇಳಿದ್ದೀರಿ

ಓದುಗರ ಪತ್ರ: ಪ್ರವಾಸ ಸಂಚಿಕೆಯಲ್ಲಿ ನೀವು ಮಂಗಳೂರನ್ನು ‘ಪುರಾತನ ಬಂದರು ನಗರ’ ಎಂದು ಬರೆದಿರಿ. ಅದನ್ನೋದಿ ಮನೆಮಂದಿಯೆಲ್ಲ ಹೋಗಿ ಎರಡು ದಿನ ಇದ್ದು ಬಂದೆವು. ಪಣಂಬೂರು ಬೀಚ್, ಕುದ್ರೋಳಿ, ಕದ್ರಿ, ಪಿಲಿಕುಳ ಎಲ್ಲ ಆಯಿತು. ಬಂದರು ಅಂತ ಕಂಡದ್ದು ಕಾಂಪೌಂಡಿನಾಚೆಯ ಕ್ರೇನುಗಳು ಮಾತ್ರ. ಸುಲ್ತಾನ್ ಬತ್ತೇರಿಯಂತೂ ಕೋಟೆ ಅನ್ನಲಾರದಷ್ಟು ಪುಟ್ಟದು. ಪುರಾತನವಾದದ್ದು ಎಲ್ಲಿದೆ ಸ್ವಾಮಿ? ಜೂನ್‌ನಲ್ಲಿ ಕೆಲಸದ ಮೇಲೆ ಮತ್ತೆ ಹೋಗುವುದಿದೆ. ಏನು ನೋಡಲಿ?
– ಹಾವೇರಿಯ ಓದುಗರು

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ತಕರಾರಿನಲ್ಲಿ ಅರ್ಧ ನ್ಯಾಯವಿದೆ. ದೇವಸ್ಥಾನ, ಬೀಚು ಎಂದು ಬಂದವರನ್ನು ಓಡಾಡಿಸುವ ಊರು ತನ್ನ ಹಳೇ ಬಂದರನ್ನು ತೋರಿಸುವ ಗೋಜಿಗೆ ಹೋಗಿಲ್ಲ. ಆದರೆ ನೀವೂ ಅದನ್ನು ಹುಡುಕಿದ್ದು ಪಣಂಬೂರಿನಲ್ಲಿ. ಅಲ್ಲಿರುವುದು ನವಮಂಗಳೂರು ಬಂದರು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ್ದು. ಹಳೆಯದು ಊರಿನೊಳಗೇ ಇದೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ಹದಿನೈದು ನಿಮಿಷ ನಡೆದರೆ ಸಾಕು.

ಮೊದಲು ಅಳಿವೆಯ ವಿಷಯ ಹೇಳಬೇಕು, ಉಳಿದದ್ದೆಲ್ಲ ಅದರಿಂದಲೇ ಆದದ್ದು. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಫಲ್ಗುಣಿ (ಗುರುಪುರ ಹೊಳೆ ಅಂದರೂ ಅದೇ) ಬಂದು, ಬೆಂಗ್ರೆಯ ಮರಳು ದಿಣ್ಣೆಯ ಹಿಂದೆ ಸೇರಿ, ಒಂದೇ ಬಾಯಲ್ಲಿ ಕಡಲಿಗೆ ಬೀಳುತ್ತವೆ. ದಿಣ್ಣೆಯ ಒಳಗಡೆ ನೀರು ಶಾಂತ. ಮರದ ಹಡಗುಗಳಿಗೆ ಅದಕ್ಕಿಂತ ಒಳ್ಳೆಯ ಆಸರೆ ಬೇಡ. ಹೊರಗಡೆ ಮಾತ್ರ ಮಳೆಗಾಲ ಬಂದಾಗಲೆಲ್ಲ ಅಳಿವೆ ಬಾಯಲ್ಲಿ ಹೂಳು, ಮರಳು. ದೊಡ್ಡ ಹಡಗುಗಳು ಕಡಲಲ್ಲೇ ಲಂಗರು ಹಾಕಿ ನಿಲ್ಲಬೇಕಿತ್ತು, ಸರಕು ದೋಣಿಗಳಲ್ಲಿ ಹೋಗಿಬರಬೇಕಿತ್ತು. ಮುಂಗಾರು ಶುರುವಾದರೆ ಅದೂ ಬಂದ್. ಪಣಂಬೂರಿನಲ್ಲಿ ದಡವನ್ನೇ ಅಗೆದು ಕೊಳ ಮಾಡಿ, ಕಡಲಿನಿಂದ ಕಾಲುವೆ ತೋಡಿ ಸರ್ವಋತು ಬಂದರು ಕಟ್ಟಿದ್ದು ಈ ತಾಪತ್ರಯ ತಪ್ಪಿಸಲಿಕ್ಕೆ. ಕುದುರೆಮುಖದ ಅದಿರನ್ನು ದೋಣಿಯಲ್ಲಿ ಹೊತ್ತು ಹಾಕುವುದು ಆಗುವ ಮಾತೇ?

ಹಳೇ ಬಂದರಿನ ಕಾಲದ ಒಬ್ಬ ವ್ಯಾಪಾರಿಯ ಕಥೆ ಹೇಳುತ್ತೇನೆ. ರಾಜರ ಪಟ್ಟಿಗಿಂತ ಅದು ಚೆನ್ನಾಗಿದೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ, ಉತ್ತರ ಆಫ್ರಿಕಾದ ಟುನಿಸಿಯಾ ಕಡೆಯವನು. 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿ, ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲೇ ಇದ್ದ. ಆಶು ಎಂಬ ಇಲ್ಲಿಯ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಸಿಕ್ಕಿದೆ. ಅವಳನ್ನೇ ಮದುವೆಯಾದ ಎನ್ನುತ್ತಾರೆ ವಿದ್ವಾಂಸರು. ಬೊಮ್ಮ ಎಂಬ ಆಳು ಇವನ ಪರವಾಗಿ ಯೆಮೆನ್ನಿನ ಬಂದರು ಏಡನ್‌ವರೆಗೂ ವ್ಯಾಪಾರಕ್ಕೆ ಹೋಗಿಬರುತ್ತಿದ್ದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಬೆನ್ ಯಿಜುವಿನದೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿಗೆ ಹಾಕಿ, ಕರಗಿಸಿ ಇಂಥದ್ದೇ ಮಾಡಿಸಿ ಕಳುಹಿಸು ಎಂದು ಅಳತೆ ಸಮೇತ ಬರೆಯುತ್ತಿದ್ದರು. ಈ ಪತ್ರಗಳು ಕೈರೋದ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರದ ಕಾಗದದ ರಾಶಿಯಲ್ಲಿ ಉಳಿದುಕೊಂಡವು. ಮಂಗಳೂರಿನಲ್ಲಿ ಮಾತ್ರ ಅವನ ಹೆಸರಿನದೊಂದು ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಂಚಿನ ಮಾತು ಬಂತು. ಕದ್ರಿಗೆ ಹೋದೆ ಅಂದಿರಿ. ಮಂಜುನಾಥನ ದರ್ಶನ ಮುಗಿಸಿ ಹೊರಬಂದಿರಬೇಕು. ಅದೇ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಕುಳಿತ ಭಂಗಿ, ಮೂರು ಮುಖ, ಆರು ಕೈ. ಆಗ ಈ ಕರಾವಳಿಯನ್ನು ಆಳುತ್ತಿದ್ದ ಆಳುಪ ವಂಶದ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಎಂದು ಪೀಠದ ಶಾಸನ ಹೇಳುತ್ತದೆ. ಪುರಾತನವಾದದ್ದು ಎಲ್ಲಿ ಎಂಬ ಪ್ರಶ್ನೆಗೆ ಇದೊಂದೇ ಉತ್ತರವಾಗಿ ಸಾಕಿತ್ತು. ಮುಂದಿನ ಸಲ ಅವಸರ ಮಾಡಬೇಡಿ.

ಪೋರ್ಚುಗೀಸರಿಗೆ ಈ ಕರಾವಳಿಯಿಂದ ಬೇಕಾಗಿದ್ದು ಮೆಣಸು, ಅದಕ್ಕಿಂತ ಹೆಚ್ಚಾಗಿ ಅಕ್ಕಿ. ಗೋವೆಯ ಹೊಟ್ಟೆ ತುಂಬುತ್ತಿದ್ದದ್ದು ಕೆನರಾದ ಅಕ್ಕಿಯಿಂದ. 1568ರಲ್ಲಿ ಅವರು ಇಲ್ಲಿ ಕೋಟೆ ಕಟ್ಟಿದರು. ಹೊಳೆಯಾಚೆಯ ಉಳ್ಳಾಲದಲ್ಲಿ ಅಬ್ಬಕ್ಕ ಅವರಿಗೆ ಕಪ್ಪ ಕೊಡಲು ಒಪ್ಪಲಿಲ್ಲ. ಆ ಕಥೆ ನಿಮಗೆ ಗೊತ್ತೇ ಇದೆ.

ಇನ್ನು ಬತ್ತೇರಿ. ಅದು ಕೋಟೆಯೇ ಅಲ್ಲ, ತೋಪಿನ ಕಾವಲುಗಟ್ಟೆ. ಮಂಗಳೂರಿನ ನಿಜವಾದ ಕೋಟೆಯನ್ನು ಹಿಡಿದು ಕುಳಿತಿದ್ದ ಇಂಗ್ಲಿಷರನ್ನು ಟಿಪ್ಪು 1783ರ ಮೇ ತಿಂಗಳಿನಿಂದ ಮುತ್ತಿ, 1784ರ ಜನವರಿಯಲ್ಲಿ ಶರಣಾಗಿಸಿದ. ಅದೇ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು. ಬತ್ತೇರಿಯೂ ಆ ವರ್ಷದ್ದೇ ಎನ್ನುತ್ತಾರೆ. ಫಲ್ಗುಣಿಯೊಳಕ್ಕೆ ಯುದ್ಧದ ಹಡಗು ನುಗ್ಗದಂತೆ ಕಾಯುವುದು ಅದರ ಕೆಲಸ. ಮೆಟ್ಟಿಲು ಹತ್ತಿ ತೋಪಿನ ಕಂಡಿಯಲ್ಲಿ ಕಣ್ಣಿಟ್ಟು ನೋಡಿ: ಹೊಳೆಯಲ್ಲಿ ಬರುವ ದೋಣಿ ನೇರ ಗುರಿಗೆ ಸಿಗುತ್ತದೆ. ಇದಕ್ಕಿಂತ ದೊಡ್ಡದು ಕಟ್ಟುವ ಅಗತ್ಯವೇ ಇರಲಿಲ್ಲ. ಕೆಳಗಡೆ ಮದ್ದುಗುಂಡಿನ ಕೋಣೆಯಿದೆ. ಪಕ್ಕದಿಂದಲೇ ತಣ್ಣೀರುಬಾವಿಗೆ ಫೆರ್ರಿ. ಪಣಂಬೂರಿನ ಜಾತ್ರೆಗಿಂತ ಆ ಬೀಚು ನನಗೆ ಹೆಚ್ಚು ಇಷ್ಟ.

ಈಗ ದಕ್ಕೆಗೆ, ಅಂದರೆ ಮೀನು ಇಳಿಸುವ ಕಟ್ಟೆಗೆ ಬನ್ನಿ. ಬೆಳಗ್ಗೆ ಆರಕ್ಕೆಲ್ಲ ಅಲ್ಲಿರಬೇಕು, ಹಳೇ ಚಪ್ಪಲಿ ಹಾಕಿಕೊಂಡಿದ್ದರೆ ವಾಸಿ. ಟ್ರಾಲ್ ಬೋಟುಗಳಿಂದ ಬಂಗುಡೆ, ಬೂತಾಯಿ ಬುಟ್ಟಿ ಬುಟ್ಟಿಯಾಗಿ ಇಳಿಯುತ್ತದೆ. ಏಲಂ ಕೂಗುವವನ ದನಿಗೆ ಮೀನು ಮಾರುವ ಹೆಂಗಸರು ಬೆರಳಲ್ಲೇ ಬೆಲೆ ಹೇಳಿ ಮುಗಿಸುತ್ತಾರೆ; ನೀವು ಏನಾಯಿತೆಂದು ನೋಡುವಷ್ಟರಲ್ಲಿ ಬುಟ್ಟಿ ಮಂಜುಗಡ್ಡೆ ಹೊತ್ತು ಹೊರಟಿರುತ್ತದೆ. ಹಳೇ ಬಂದರಿನ ಕಡೆ ನಡೆದರೆ ಸರಕು ಸಾಗಿಸುವ ಮರದ ಹಡಗುಗಳು, ಇಲ್ಲಿಯವರ ಮಾತಿನ ಮಂಜಿಗಳು ಸಿಗುತ್ತವೆ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಇಲ್ಲಿಂದಲೂ ಹೋಗುತ್ತದೆ. ಸಾವಿರ ವರ್ಷದ ಹಿಂದಿನ ಕಸುಬು ಡೀಸೆಲ್ ಇಂಜಿನ್ ಹಾಕಿಕೊಂಡು ನಡೆಯುತ್ತಿದೆ ಅಷ್ಟೆ. ಬಂದರಿನ ಓಣಿಗಳಲ್ಲಿ ಹಂಚಿನ ಮಾಡಿನ ಗೋದಾಮುಗಳ ನಡುವೆ ಝೀನತ್ ಬಕ್ಷ್ ಮಸೀದಿ. ಈ ಕರಾವಳಿಗೆ ಇಸ್ಲಾಂ ತಂದವರೆನ್ನುವ ಮಾಲಿಕ್ ದೀನಾರರ ಕಾಲದ ಪರಂಪರೆ ಇದರದು ಎಂಬ ನಂಬಿಕೆ. ಒಳಗಿನ ಮರದ ಕಂಬಗಳ ಕೆತ್ತನೆ ನೋಡಬೇಕಾದ್ದು. ನಮಾಜಿನ ಹೊತ್ತು ತಪ್ಪಿಸಿ, ಕೇಳಿಕೊಂಡು ಹೋಗಿ.

ಹಂಚು ಅಂದೆ. ಹಾವೇರಿ ಕಡೆಯ ಹಳೇ ಶಾಲೆಗಳ ಮಾಡಿನಲ್ಲೂ ಮಂಗಳೂರು ಹಂಚು ಇರುತ್ತದೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು ನೇತ್ರಾವತಿ ದಡದ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹುಟ್ಟಿದ ಉದ್ಯಮ ಅದು. ಹೊಳೆದಡದಲ್ಲಿ ಮಣ್ಣು, ಹೊಳೆಯಲ್ಲಿ ಸೌದೆ ದೋಣಿ, ಹೊಳೆಬಾಯಲ್ಲಿ ಹಡಗು, ಇನ್ನೇನು ಬೇಕು? ಅದೇ ಮಿಶನ್ನಿನ ಮೊಗ್ಲಿಂಗ್ 1843ರಲ್ಲಿ ಇಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ. ಪತ್ರಿಕೆಯವರಾದ ನಮಗೆ ಆ ಊರಿನ ಮೇಲೆ ಸ್ವಲ್ಪ ಪಕ್ಷಪಾತ ಇದ್ದರೆ ಕ್ಷಮಿಸಿ.

ಒಂದು ಗಂಟೆ ಉಳಿದರೆ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯ ಚಿತ್ರಕಾರ ಮೊಸ್ಕೇನಿ ಸುಮಾರು ಎರಡು ವರ್ಷ ಕುಳಿತು ಗೋಡೆ, ಮೇಲ್ಛಾವಣಿ ಎಲ್ಲ ಚಿತ್ರ ಬರೆದಿದ್ದಾನೆ.

ಕೊನೆಗೆ ಜೂನ್. ಆಗ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ, ಏಲಂ ಇರುವುದಿಲ್ಲ. ಮಂಜಿಗಳಿಗೂ ಮಳೆಗಾಲ ರಜೆ. ಫೆರ್ರಿಯನ್ನು ವಿಚಾರಿಸಿಕೊಂಡೇ ಹೋಗಬೇಕು. ಕೆಲಸವನ್ನು ಅಕ್ಟೋಬರಿಗೆ ತಳ್ಳಲಾದರೆ ತಳ್ಳಿ. ದಸರೆಯ ಹೊತ್ತಿಗೇ ಹೋಗುವುದಾದರೆ ಕುದ್ರೋಳಿಯ ಮೆರವಣಿಗೆಗೆ ಊರೆಲ್ಲ ತುಂಬಿರುತ್ತದೆ, ರೂಮು ಮೊದಲೇ ಹಿಡಿದಿಟ್ಟುಕೊಳ್ಳಿ.
– ಸಂ.