ಗದಗ ಕೋರ್ಟಿನ ಎಕ್ಸ್‌ಪಾರ್ಟಿ ಡಿಕ್ರಿಗೆ ಹುಬ್ಬಳ್ಳಿಯಲ್ಲಿ ತಕರಾರು ಹಾಕಿದರೆ ಸಾಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. 2015ರಲ್ಲಿ ಗದಗಿನಲ್ಲಿದ್ದಾಗ ಪರಿಚಯದ ವ್ಯಾಪಾರಿಯೊಬ್ಬರಿಗೆ ಪ್ರಾಮಿಸರಿ ನೋಟು ಬರೆದುಕೊಟ್ಟು ಕೈಗಡ ತಂದಿರಿ. 2018ರಲ್ಲಿ ಸಂಸಾರಸಮೇತ ಹುಬ್ಬಳ್ಳಿಗೆ ಬಂದಿರಿ. ಅವರು 2022ರಲ್ಲಿ ಗದಗಿನಲ್ಲಿ ದಾವೆ ಹೂಡಿ, ನೀವು ಹಾಜರಾಗದ ಕಾರಣ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನಿಮ್ಮ ಗೈರುಹಾಜರಿಯಲ್ಲಿಯೇ ಆದ ತೀರ್ಪು, ಪಡೆದರು. ಈಗ ಹುಬ್ಬಳ್ಳಿ ಕೋರ್ಟಿನಿಂದ ಅಮಲ್ಜಾರಿ (ಡಿಕ್ರಿಯಂತೆ ವಸೂಲಿ ಮಾಡುವ) ನೋಟಿಸು ಬಂದಾಗಲೇ ನಿಮಗೆ ಇದೆಲ್ಲ ತಿಳಿದಿದೆ. ಇಷ್ಟು ಹಳೆಯ ಸಾಲಕ್ಕೆ ವಾಯಿದೆ (ದಾವೆ ಹೂಡಲು ಕಾನೂನು ಕೊಡುವ ಅವಧಿ) ಮುಗಿದಿಲ್ಲವೇ, ಹುಬ್ಬಳ್ಳಿಯಲ್ಲಿಯೇ ಹಾಗೆಂದು ತಕರಾರು ಹಾಕಿದರೆ ಸಾಲದೇ ಎಂದು ಕೇಳಿದ್ದೀರಿ.

ಸಾಲದು. ನಾನು ವಕೀಲನಲ್ಲ, ಈ ಭಾಗದ ಸಿವಿಲ್ ಕೋರ್ಟುಗಳಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಆದರೆ ಜನ ತಪ್ಪು ಬಾಗಿಲು ತಟ್ಟಿ ತಿಂಗಳುಗಟ್ಟಲೆ ಕಳೆಯುವುದನ್ನು ಸಾಕಷ್ಟು ನೋಡಿದ್ದೇನೆ. ಹುಬ್ಬಳ್ಳಿ ಕೋರ್ಟಿಗೆ ಬಂದಿರುವುದು ಅಮಲಿಗಾಗಿ ವರ್ಗವಾದ ಡಿಕ್ರಿ. ಡಿಕ್ರಿ ಸರಿಯೋ ತಪ್ಪೋ, ಸಾಲಕ್ಕೆ ವಾಯಿದೆ ಇತ್ತೋ ಇಲ್ಲವೋ ಎಂಬುದನ್ನು ಆ ಕೋರ್ಟು ಕೆದಕುವಂತಿಲ್ಲ. ಆ ಮಾತನ್ನು ಡಿಕ್ರಿ ಮಾಡಿದ ಗದಗ ಕೋರ್ಟಿನಲ್ಲಿಯೇ, ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದ ಅಡಿ ಡಿಕ್ರಿ ರದ್ದತಿಗೆ ಅರ್ಜಿ ಕೊಟ್ಟು, ದಾವೆ ಮತ್ತೆ ತೆರೆದ ಮೇಲೆ ಹೇಳಬೇಕು. ಹಾಗೆಂದು ಹುಬ್ಬಳ್ಳಿಯ ತಾರೀಖನ್ನು ತಪ್ಪಿಸಬೇಡಿ. ಅಲ್ಲಿ ಹಾಜರಾಗಿ, ಗದಗಕ್ಕೆ ಅರ್ಜಿ ಹಾಕಿಕೊಳ್ಳಲು ಕಾಲಾವಕಾಶ ಬೇಕೆಂದು 21ನೇ ಆದೇಶದ 26ನೇ ನಿಯಮದಡಿ ತಾತ್ಕಾಲಿಕ ತಡೆ ಕೇಳಬಹುದು. ಅದಕ್ಕೆ ಕೋರ್ಟು ಜಾಮೀನು ಕೇಳುತ್ತದೆ ಅಥವಾ ಷರತ್ತು ಹಾಕುತ್ತದೆ.

ರದ್ದತಿ ಅರ್ಜಿಗೆ ಇರುವ ಅವಧಿ 30 ದಿನ. ಸಾಮಾನ್ಯವಾಗಿ ಅದನ್ನು ಡಿಕ್ರಿಯ ದಿನದಿಂದ ಎಣಿಸುತ್ತಾರೆ. ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ಮಾತ್ರ ಡಿಕ್ರಿಯ ಸಂಗತಿ ನಿಮಗೆ ತಿಳಿದ ದಿನದಿಂದ. ಆದ್ದರಿಂದ ನೋಟಿಸು ಕೈಸೇರಿದ ದಿನಾಂಕವನ್ನು ಬರೆದಿಟ್ಟುಕೊಂಡು ಲಕೋಟೆಯನ್ನು ಜೋಪಾನವಾಗಿಡಿ. ದಿನ ಮೀರಿದ್ದರೆ ವಿಳಂಬ ಮನ್ನಿಸಲು ಪರಿಮಿತಿ ಕಾಯ್ದೆಯ 5ನೇ ಕಲಮಿನ ಅರ್ಜಿಯನ್ನೂ ಜೊತೆಗೆ ಕೊಡಬೇಕಾಗುತ್ತದೆ.

ಹಾಗಾಗಿ ಎಲ್ಲವೂ ನಿಂತಿರುವುದು ಸಮನ್ಸು ಹೇಗೆ ಜಾರಿಯಾಯಿತು ಎಂಬುದರ ಮೇಲೆ. ಗದಗ ಕೋರ್ಟಿನ ನಕಲು ವಿಭಾಗದಲ್ಲಿ ದಾವಾಪತ್ರ, ಆರ್ಡರ್ ಶೀಟು, ಪ್ರಾಮಿಸರಿ ನೋಟಿನ ಎರಡೂ ಬದಿ, ಮರಳಿ ಬಂದ ಸಮನ್ಸು ಮತ್ತು ರಿಜಿಸ್ಟರ್ಡ್ ಅಂಚೆಯ ಲಕೋಟೆ, ಇವುಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ಸಮನ್ಸಿನ ಹಿಂಬದಿಯಲ್ಲಿ ಅದನ್ನು ಜಾರಿ ಮಾಡುವ ಕೋರ್ಟಿನ ನೌಕರ ಬೇಲಿಫರ ಷರಾ ಇರುತ್ತದೆ. ‘ಮನೆಗೆ ಬೀಗ ಇದ್ದುದರಿಂದ ಬಾಗಿಲಿಗೆ ಅಂಟಿಸಲಾಗಿದೆ’ ಎಂದಿದ್ದರೆ, ಯಾವಾಗ ಅಂಟಿಸಿದರು, ಮನೆ ತೋರಿಸಿದವರು ಯಾರು, ಯಾರ ಸಮಕ್ಷಮ ಅಂಟಿಸಿದರು, ಅವರ ಹೆಸರು ವಿಳಾಸ ಇದೆಯೇ ಎಂದು ನೋಡಬೇಕು. 5ನೇ ಆದೇಶ ಇವನ್ನೆಲ್ಲ ಬಯಸುತ್ತದೆ. ಷರಾದ ಜೊತೆ ಬೇಲಿಫರ ಪ್ರಮಾಣಪತ್ರ ಇಲ್ಲದಿದ್ದರೆ ಕೋರ್ಟು ಅವರನ್ನು ಪ್ರಮಾಣದ ಮೇಲೆ ವಿಚಾರಿಸಿರಬೇಕು. ಮನೆಯ ವಯಸ್ಕರು ಸಮನ್ಸು ಪಡೆದರೆ ನಡೆಯುತ್ತದೆ, ಆಳುಮಗ ಪಡೆದರೆ ನಡೆಯುವುದಿಲ್ಲ. ಪತ್ರಿಕೆಯಲ್ಲಿ ಪ್ರಕಟಿಸಿ ಜಾರಿ ಎಂದು ಭಾವಿಸಿದ್ದರೆ, 30 ದಿನಗಳ ಲೆಕ್ಕದ ಮಟ್ಟಿಗೆ ಅದನ್ನು ಸರಿಯಾದ ಜಾರಿ ಎಂದು ಹಿಡಿಯುವುದಿಲ್ಲ. ನೀವು 2018ರಲ್ಲಿಯೇ ಗದಗು ಬಿಟ್ಟಿದ್ದಕ್ಕೆ ಬಾಡಿಗೆ ಕರಾರು, ಮಕ್ಕಳ ಶಾಲೆಯ ದಾಖಲೆ, ಗ್ಯಾಸ್ ಸಂಪರ್ಕದ ವರ್ಗಾವಣೆ ಏನೇ ಇರಲಿ, ಹೊಂದಿಸಿಕೊಳ್ಳಿ. ಒಂದು ಎಚ್ಚರಿಕೆ: ತಾರೀಖು ನಿಮಗೆ ಬೇರೆ ದಾರಿಯಿಂದ ತಿಳಿದಿತ್ತು, ಹಾಜರಾಗಲು ಸಮಯವೂ ಇತ್ತು ಎಂದು ವಾದಿ ತೋರಿಸಿಕೊಟ್ಟರೆ, ಜಾರಿಯಲ್ಲಿನ ಸಣ್ಣಪುಟ್ಟ ಲೋಪಕ್ಕಾಗಿ ಡಿಕ್ರಿ ರದ್ದಾಗುವುದಿಲ್ಲ. ಆ ವ್ಯಾಪಾರಿಯೊಂದಿಗೆ ವಾಟ್ಸಾಪಿನಲ್ಲಿ ದಾವೆಯ ಮಾತು ಬಂದಿದ್ದರೆ ಅದನ್ನು ನಿಮ್ಮ ವಕೀಲರಿಗೆ ಮೊದಲೇ ಹೇಳಿಬಿಡಿ.

ವಾಯಿದೆಯ ವಿಚಾರದಲ್ಲಿ ನಿಮಗಿರುವಷ್ಟು ಭರವಸೆ ನನಗಿಲ್ಲ. ಬೇಡಿದಾಗ ಕೊಡತಕ್ಕ ನೋಟಿಗೆ ಅದರ ದಿನಾಂಕದಿಂದ ಮೂರು ವರ್ಷ ನಿಜ, ಅವಧಿ ಮೀರಿದ ದಾವೆಯನ್ನು ಪ್ರತಿವಾದಿ ಹೇಳದಿದ್ದರೂ ಕೋರ್ಟೇ ವಜಾ ಮಾಡಬೇಕು ಎಂಬುದೂ ನಿಜ. ಆದರೆ ನೋಟಿನ ಬೆನ್ನ ಮೇಲೆ ‘ಬಡ್ಡಿ ಬಾಬ್ತು ಇಷ್ಟು ಸಂದಾಯ’ ಎಂಬ ಒಂದು ಸಾಲಿನ ಕೆಳಗೆ, ಮೂರು ವರ್ಷ ತುಂಬುವ ಮೊದಲಿನ ದಿನಾಂಕದೊಂದಿಗೆ ನಿಮ್ಮ ಸಹಿ ಇದ್ದರೆ, ಅಲ್ಲಿಂದ ಹೊಸದಾಗಿ ಮೂರು ವರ್ಷ. ಊರು ಬಿಡುವಾಗ ಏನಾದರೂ ಕೊಟ್ಟು ಹೀಗೆ ಸಹಿ ಮಾಡಿದ್ದರೆ ಆ ಅವಧಿ 2021ರ ತನಕ ಎಳೆಯುತ್ತದೆ. ಕೋವಿಡ್ ನಿಮಿತ್ತ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಕಾಲವನ್ನು ಸುಪ್ರೀಂ ಕೋರ್ಟು ಲೆಕ್ಕದಿಂದ ಹೊರಗಿಟ್ಟಿರುವುದರಿಂದ 2022ರ ದಾವೆಯೂ ಅವಧಿಯೊಳಗೆ ಬೀಳಬಹುದು. ಸಾಲ ಕೊಟ್ಟವರೇ ಬರೆದುಕೊಂಡು ನಿಮ್ಮ ಸಹಿ ಇಲ್ಲದ ಸಾಲಿಗೆ ಆ ಬಲವಿಲ್ಲ. ನೋಟಿನ ಎರಡೂ ಬದಿಯ ನಕಲು ಬೇಕೆಂದದ್ದು ಇದಕ್ಕಾಗಿಯೇ.

ಡಿಕ್ರಿ ರದ್ದು ಮಾಡುವಾಗ ಕೋರ್ಟು ಖರ್ಚು ಕೊಡಲು ಅಥವಾ ಸ್ವಲ್ಪ ಹಣ ಠೇವಣಿ ಇಡಲು ಹೇಳಬಹುದು, ಅದಕ್ಕೆ ಸಿದ್ಧರಾಗಿರಿ. ಅರ್ಜಿ ವಜಾ ಆದರೆ ಆ ಆದೇಶದ ಮೇಲೆ ಮೇಲ್ಮನವಿ ಇದೆ. ಧಾರವಾಡದ ಹೈಕೋರ್ಟು ಪೀಠಕ್ಕೆ ನೇರವಾಗಿ ಹೋಗೋಣ ಎಂದು ಯಾರಾದರೂ ಹೇಳಿದರೆ, ಈ ಹಂತದಲ್ಲಿ ಅಲ್ಲಿ ನಿಮಗೆ ಕೆಲಸವಿಲ್ಲ.

ನೋಟಿಸಿನಲ್ಲಿ ಸಿವಿಲ್ ಬಂಧನದ ಮಾತಿದೆ ಎಂದು ಹೆದರಿದ್ದೀರಿ. ಕೊಡುವ ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದವರಿಗೆ ಅದು; ಬರಿಯ ಬಡತನಕ್ಕೆ ಸೆರೆಮನೆಯಿಲ್ಲವೆಂದು ಸುಪ್ರೀಂ ಕೋರ್ಟು 1980ರಲ್ಲಿಯೇ ಹೇಳಿದೆ.

ರಾಜಿಯಾಗುವ ಮನಸ್ಸಿದ್ದರೆ ಅದೂ ಒಳ್ಳೆಯದೇ, ಲೋಕ ಅದಾಲತ್ತಿನಲ್ಲಿ ಇಂಥ ಪ್ರಕರಣಗಳು ನಿತ್ಯ ಮುಗಿಯುತ್ತವೆ. ಆದರೆ ಅಂಗಡಿಗೆ ಹೋಗಿ ನಗದು ಎಣಿಸಿ, ಬಿಳಿ ಹಾಳೆಯ ಮೇಲೆ ರಸೀದಿ ಬರೆಸಿಕೊಂಡು ಬರಬೇಡಿ. ಹೊರಗೆ ಕೊಟ್ಟ ಹಣವನ್ನು 21ನೇ ಆದೇಶದ 2ನೇ ನಿಯಮದಂತೆ ಕೋರ್ಟಿನಲ್ಲಿ ದಾಖಲಿಸದಿದ್ದರೆ ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ; ಡಿಕ್ರಿದಾರರು ತಾವಾಗಿ ದಾಖಲಿಸದಿದ್ದರೆ ಹಣ ಕೊಟ್ಟ 30 ದಿನದೊಳಗೆ ನೀವೇ ಅರ್ಜಿ ಹಾಕಬೇಕು. ಕೋರ್ಟಿನಲ್ಲಿಯೇ ಜಮಾ ಮಾಡುವುದು ಅಥವಾ ಬ್ಯಾಂಕಿನ ಮೂಲಕ ಕೊಟ್ಟು ಇಬ್ಬರೂ ಸಹಿ ಮಾಡಿದ ಜ್ಞಾಪನಾಪತ್ರವನ್ನು ಮುಂದಿನ ತಾರೀಖಿಗೇ ಸಲ್ಲಿಸುವುದು ಕ್ಷೇಮ.