ಪಕ್ಕದ ದೇಶದ ದನಕ್ಕೆ ಗಂಟೆದ್ದರೆ ನಮಗೇನು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚರ್ಮಗಂಟು ರೋಗ ಬಂದಾಗ ನಮ್ಮ ಎರಡು ಹಸುಗಳಲ್ಲಿ ಒಂದು ಸತ್ತಿತು. ಈಗ ಪೇಪರ್ ತೆಗೆದರೆ, ದನದ ರೋಗ ತಡೆಯಲು ಅಕ್ಕಪಕ್ಕದ ದೇಶಗಳ ಜೊತೆ ಮಾತುಕತೆ ಅಂತ ಬರೆದಿರುತ್ತಾರೆ. ಮೊದಲು ನಮ್ಮೂರಿಗೆ ಹೊತ್ತಿಗೆ ಸರಿಯಾಗಿ ಲಸಿಕೆ ಕೊಡಲಿ ಸಾರ್. ನೇಪಾಳ, ಬಾಂಗ್ಲಾದ ದನ ಕಟ್ಟಿಕೊಂಡು ನಮಗೇನಾಗಬೇಕು?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಹೊತ್ತಿಗೆ ಸರಿಯಾಗಿ ಲಸಿಕೆ ಬರಬೇಕು ಅನ್ನುವ ಮಾತಿಗೆ ನನ್ನದೂ ಸಹಿ ಇದೆ. ಆದರೆ ಆ ರೋಗ ನಿಮ್ಮ ಕೊಟ್ಟಿಗೆಗೆ ಬಂದ ದಾರಿ ನೋಡಿ. ಅದು ಆಫ್ರಿಕಾದ ರೋಗ. 2019ರ ತನಕ ನಮ್ಮ ದೇಶದಲ್ಲಿ ಇರಲೇ ಇಲ್ಲ. ಆ ವರ್ಷ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ಕಾಣಿಸಿತು, ಮುಂದಿನ ತಿಂಗಳೇ ಒಡಿಶಾದಲ್ಲಿ. 2020ರಲ್ಲಿ ನೇಪಾಳ, ಭೂತಾನ್, ಶ್ರೀಲಂಕಾ. ಆಮೇಲೆ ಪಾಕಿಸ್ತಾನ. 2022ರಲ್ಲಿ ಗುಜರಾತ್, ರಾಜಸ್ಥಾನಗಳಲ್ಲಿ ಉರಿದು, ಕೊನೆಗೆ ನಿಮ್ಮ ಊರು. ಆ ಒಂದೇ ವರ್ಷ ದೇಶದಲ್ಲಿ ಲಕ್ಷಕ್ಕೂ ಜಾಸ್ತಿ ದನ ಸತ್ತವು. ಪ್ರತಿ ದೇಶವೂ ತನ್ನ ಮನೆಗೆ ಬೆಂಕಿ ಬಿದ್ದ ಮೇಲೆ ಕೊಡ ಹುಡುಕಿತು. ನಮ್ಮಲ್ಲಿ ಮೇಕೆ ಸಿಡುಬಿನ ಲಸಿಕೆಯನ್ನೇ ದನಕ್ಕೆ ಹಾಕಿದ್ದು ನಿಮಗೆ ನೆನಪಿರಬೇಕು. ಎರಡೂ ವೈರಸ್ ಒಂದೇ ಕುಲದವು, ಹಾಗಾಗಿ ಅದು ತಕ್ಕಮಟ್ಟಿಗೆ ಹಿಡಿಯುತ್ತದೆ.

ಇದೇ ರೋಗ ಯುರೋಪಿನ ಬಾಲ್ಕನ್ ದೇಶಗಳಿಗೂ ಬಂದಿತ್ತು. 2015ರಲ್ಲಿ ಟರ್ಕಿ ಕಡೆಯಿಂದ ಗ್ರೀಸ್‌ಗೆ, ಮರುವರ್ಷ ಬಲ್ಗೇರಿಯಾ, ಮ್ಯಾಸಿಡೋನಿಯಾ, ಸೆರ್ಬಿಯಾ, ಕೊಸೊವೊ, ಅಲ್ಬೇನಿಯಾ, ಮಾಂಟೆನೆಗ್ರೊ, ಸಾಲಾಗಿ. ಆದರೆ ಅಲ್ಲಿ ಅವರು ಮಾಡಿದ್ದೇ ಬೇರೆ. ಯುರೋಪಿಯನ್ ಒಕ್ಕೂಟ ಲಸಿಕೆಯ ದಾಸ್ತಾನು ಇಟ್ಟುಕೊಂಡು, ಒಕ್ಕೂಟದ ಒಳಗಿದ್ದವರು ಹೊರಗಿದ್ದವರು ಅನ್ನದೆ ಹಂಚಿತು. ಆ ಇಡೀ ಪ್ರದೇಶದಲ್ಲಿ ರೋಗ ಬಂದ ಊರು, ಬಾರದ ಊರು ಅನ್ನದೆ ದನಗಳಿಗೆ ಸೂಜಿ. ಕ್ರೊಯೇಷಿಯಾದಲ್ಲಿ ಒಂದು ಹಸುವಿಗೂ ಗಂಟು ಎದ್ದಿರಲಿಲ್ಲ, ಅಲ್ಲೂ ಹಾಕಿದರು. 2016ರಲ್ಲಿ ಆ ಭಾಗದ 7,483 ಕಡೆ ರೋಗ ಎದ್ದಿತ್ತು. 2017ರಲ್ಲಿ 385 ಕಡೆ. 2018ರಲ್ಲಿ ಇಲ್ಲವೇ ಇಲ್ಲ. ಕೊಸೊವೊ ಒಂದು ದೇಶ ಅಂತಲೇ ಸೆರ್ಬಿಯಾ ಇವತ್ತಿಗೂ ಒಪ್ಪುವುದಿಲ್ಲ, ಗೊತ್ತಲ್ವಾ? ಆದರೂ ಎರಡೂ ಕಡೆ ಕೊಟ್ಟಿಗೆಗಳಿಗೆ ಲಸಿಕೆ ತಲುಪಿತು.

ಈ ರೋಗ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಯಿಂದ. ನೀವು ನಿಮ್ಮ ಹಸುವಿಗೆ ಲಸಿಕೆ ಹಾಕಿಸಿ, ಪಕ್ಕದ ಮನೆಯವರು ಹಾಕಿಸದಿದ್ದರೆ ನೊಣ ಅವರ ಹಿತ್ತಲಲ್ಲಿ ಮೇಯುತ್ತಾ ಇರುತ್ತದೆ. ಆ ನೇಪಾಳ, ಬಾಂಗ್ಲಾ ನಮಗೆ ಪಕ್ಕದ ಹಿತ್ತಲು.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕೆ? ಗಡಿ ಮುಚ್ಚಿ, ದನ ಬಿಡದಿದ್ದರೆ ಆಯಿತಲ್ಲ?
– ತುಮಕೂರಿನಿಂದ ಒಬ್ಬ ವಿದ್ಯಾರ್ಥಿ

ಉತ್ತರ: ನೇಪಾಳದ ಜೊತೆ ನಮ್ಮ ಗಡಿ 1,751 ಕಿಲೋಮೀಟರ್, ಅದೂ ತೆರೆದ ಗಡಿ. ಬಾಂಗ್ಲಾದೇಶದ ಜೊತೆ 4,096. ಮುಚ್ಚಿ ನೋಡಪ್ಪ! ಸುಮ್ನೆ ಅಂದೆ, ಬೇಜಾರಾಗಬೇಡ. ಆದರೆ ಮುಚ್ಚಿದರೂ ಸಾಲದು. 1981ರಲ್ಲಿ ಕಾಲುಬಾಯಿ ರೋಗದ ವೈರಸ್ ಫ್ರಾನ್ಸಿನ ಬ್ರಿಟನಿಯಿಂದ ಗಾಳಿಯಲ್ಲೇ ಸಮುದ್ರ ದಾಟಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪಕ್ಕೆ ಹೋಗಿತ್ತು.

ಇನ್ನು, ಹಾನಿ ಯಾವಾಗಲೂ ಅವರಿಂದ ನಮಗೇ ಬರುತ್ತದೆ ಅಂದುಕೊಳ್ಳಬೇಡ. ಶ್ರೀಲಂಕಾದಲ್ಲಿ ದೊಡ್ಡರೋಗ, ಅಂದರೆ ದನಗಳನ್ನು ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್, ನಲವತ್ತು ವರ್ಷದಿಂದ ಕಂಡಿರಲಿಲ್ಲ. 1987ರಲ್ಲಿ ಅಲ್ಲಿಗೆ ಹೋದ ನಮ್ಮ ಶಾಂತಿಪಾಲನಾ ಪಡೆಯ ಊಟಕ್ಕೆ ಅಂತ ಮೇಕೆಗಳನ್ನು ಸಾಗಿಸಿದರು. ಅವುಗಳ ಜೊತೆ ರೋಗವೂ ಇಳಿಯಿತು. ಕಾಲುಬಾಯಿ ರೋಗದ ಒಂದು ತಳಿಗೆ ವಿಜ್ಞಾನಿಗಳು ಇಟ್ಟ ಹೆಸರೇ ‘ಇಂಡ್-2001’. ಅದು ನಮ್ಮ ಕಡೆಯಿಂದ ಹೊರಟು 2013ರ ಹೊತ್ತಿಗೆ ಲಿಬಿಯಾದ ತನಕ ಹೋಗಿತ್ತು. ನಾವೂ ಯಾರಿಗೋ ಪಕ್ಕದ ಮನೆಯವರೇ ಅಲ್ವಾ?

ಪ್ರಶ್ನೆ: ದೇಶಗಳು ರೋಗವನ್ನು ಮುಚ್ಚಿಡುತ್ತವೆ ಅನ್ನುತ್ತಾರೆ. ಹಾಗಿದ್ದಮೇಲೆ ಸಹಕಾರ ಎಲ್ಲಿಂದ ಬಂತು?
– ಬೆಂಗಳೂರಿನ ಓದುಗರು

ಉತ್ತರ: ಮುಚ್ಚಿಡುವುದಕ್ಕೆ ಕಾರಣ ಇದೆ. ರೋಗ ಇದೆ ಅಂದ ಮರುದಿನವೇ ಹಾಲು, ಮಾಂಸ, ಚರ್ಮ ಕೊಳ್ಳುವ ದೇಶಗಳು ಬೇಡ ಅನ್ನಬಹುದು. ನಾನು ಒಮ್ಮೆ ಸಂತೆಯಲ್ಲಿ ಒಂದು ಜೋಡಿ ಎತ್ತು ನೋಡಿದೆ. ಸುಡುಬಿಸಿಲು, ಆದರೂ ಒಂದಕ್ಕೆ ಮಾತ್ರ ಹಬ್ಬದ ಜೂಲ ಹೊದಿಸಿದ್ದರು. ಅಂಚು ಎತ್ತಿದರೆ ಬೆನ್ನು ತುಂಬಾ ಅರಿಶಿನ ಎಣ್ಣೆ, ಅದರ ಕೆಳಗೆ ಅಡಕೆ ಗಾತ್ರದ ಗಂಟುಗಳು. ಯಜಮಾನನನ್ನು ಬೈಯಲು ಬಾಯಿ ಬರಲಿಲ್ಲ. ಮಾರದಿದ್ದರೆ ಅವನ ಸಾಲ ತೀರಿಸುವವರು ಯಾರು? ದೇಶಗಳ ಲೆಕ್ಕವೂ ಹೆಚ್ಚುಕಡಿಮೆ ಅದೇ. ಹೇಳಿದವನಿಗೆ ಶಿಕ್ಷೆಯ ಬದಲು ಲಸಿಕೆ, ಪರಿಹಾರ ಸಿಗುವಂತಿದ್ದರೆ ಹೇಳುತ್ತಾನೆ. ಬಾಲ್ಕನ್‌ನಲ್ಲಿ ಕೆಲಸ ಮಾಡಿದ್ದು ಇದೇ ಅಂತ ನನ್ನ ಅನಿಸಿಕೆ.

ಹೇಳಲೇಬೇಕು ಅನ್ನುವ ನಿಯಮ ಹುಟ್ಟಿದ ಕಥೆಯಲ್ಲೂ ನಮ್ಮ ದನ ಇವೆ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟ ದನಗಳು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿದವು, ಅಲ್ಲಿ ದೊಡ್ಡರೋಗ ಹಬ್ಬಿತು. ಗಾಬರಿಯಾದ ದೇಶಗಳು ಮಾತಾಡಿಕೊಂಡು, 1924ರಲ್ಲಿ 28 ದೇಶಗಳು ಸೇರಿ ಪ್ಯಾರಿಸ್‌ನಲ್ಲಿ ಒಂದು ಕಚೇರಿ ತೆರೆದವು. ಅದೇ ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ. ಹೊಸ ರೋಗ ಖಚಿತವಾದರೆ ಸದಸ್ಯ ದೇಶ 24 ಗಂಟೆಯೊಳಗೆ ಅಲ್ಲಿಗೆ ತಿಳಿಸಬೇಕು. ಆ ದೊಡ್ಡರೋಗ ಭೂಮಿಯಿಂದಲೇ ಹೋಯಿತು ಅಂತ 2011ರಲ್ಲಿ ಘೋಷಿಸಿದರು.

ಪ್ರಶ್ನೆ: ದಕ್ಷಿಣ ಏಷ್ಯಾ ದೇಶಗಳ ಕೂಟ ಸಾರ್ಕ್ ಮಲಗಿದೆಯಲ್ಲ?
– ಅದೇ ಓದುಗರು

ಉತ್ತರ: ನಾಯಕರ ಸಭೆ 2014ರ ಕಠ್ಮಂಡುವೇ ಕೊನೆ, ಹೌದು. ಆದರೆ ಪಶುವೈದ್ಯರು ಅದಕ್ಕೂ ಮೊದಲೇ ಕೆಲಸ ಹಂಚಿಕೊಂಡಿದ್ದರು. ಕಾಲುಬಾಯಿ ರೋಗದ ಮುಖ್ಯ ಲ್ಯಾಬ್ ಭಾರತದ್ದು, ಕುರಿ ಮೇಕೆಯ ಪಿಪಿಆರ್ ರೋಗಕ್ಕೆ ಬಾಂಗ್ಲಾದೇಶದ್ದು. ಲ್ಯಾಬ್‌ಗಿಂತ ಮೊದಲು ಬೇಕಾದದ್ದು ಗಡಿಯ ಎರಡೂ ಕಡೆ ಒಂದೇ ವಾರ ಲಸಿಕೆ ಹಾಕುವ ರೂಢಿ.

ಪ್ರಶ್ನೆ: ಕಾಲುಬಾಯಿ ಲಸಿಕೆ ಹಾಕಿಸಿದರೆ ಹಾಲು ಕಡಿಮೆಯಾಗುತ್ತದೆ ಅಂತ ನಮ್ಮತ್ತೆ ಬಿಡುತ್ತಿಲ್ಲ.
– ಮಂಡ್ಯದಿಂದ ಒಬ್ಬ ಗೃಹಿಣಿ

ಉತ್ತರ: ಎರಡು ಮೂರು ದಿನ ಸ್ವಲ್ಪ ಇಳಿಯಬಹುದು, ಸೂಜಿ ಚುಚ್ಚಿದ ಜಾಗ ಊದಿಕೊಳ್ಳಬಹುದು. ಆಮೇಲೆ ಸರಿಹೋಗುತ್ತದೆ. ರೋಗವೇ ಬಂದರೆ ಆ ಸೂಲಿನ ಹಾಲು ಮತ್ತೆ ಮೊದಲಿನಷ್ಟು ಏರುವುದು ಕಷ್ಟ, ಕೆಚ್ಚಲೂ ಕೆಡಬಹುದು. ಅತ್ತೆಗೆ ಹೀಗೆ ಹೇಳಿ ನೋಡಿ ತಾಯಿ. ಆರು ತಿಂಗಳಿಗೊಮ್ಮೆ ಮನೆಬಾಗಿಲಿಗೇ ಬಂದು ಪುಕ್ಕಟೆ ಹಾಕುತ್ತಾರೆ, ಅದನ್ನೂ ಸೇರಿಸಿ ಹೇಳಿ.