ಆನಿ ತಗೊಂಡು ನಾ ಏನ್ ಮಾಡ್ಲಿ?

ಇಳಕಲ್ಲಿನ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್ ಅವರನ್ನು ಬಹಳ ಹೊಗಳಿದ್ದೀರಿ. ಶಿಕ್ಷಕಿಗೆ ಚಳವಳಿಯ ಉಸಾಬರಿ ಯಾಕೆ? ಪಾಠ ಹೇಳಿಕೊಂಡು ಇರಬಾರದಿತ್ತೇ?’

ಗುರುಗಳೇ, ಒಂದು ಮಾತು ಒಪ್ಪಿದೆ. ಸಾಲಿ ಬಿಟ್ಟು ಸಭೆ ಸಭೆ ತಿರುಗುವ ಮಾಸ್ತರರಿಂದ ಮಕ್ಕಳಿಗೆ ಲುಕ್ಸಾನು. ಆದರೆ ಸೆಪ್ಟಿಮಾ ತಾವಾಗಿ ಸಾಲಿ ಬಿಟ್ಟವರಲ್ಲ, ಅವರಿಂದ ಸಾಲಿ ಬಿಡಿಸಿದರು.

1916 ಅಂದರೆ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದ ವರ್ಷ, ಅಲ್ವಾ? ಅದೇ ವರ್ಷ ಹದಿನೆಂಟರ ಸೆಪ್ಟಿಮಾ ಜಾನ್ಸ್ ದ್ವೀಪಕ್ಕೆ ಪಾಠ ಹೇಳಲು ಹೋದರು. ತಮ್ಮೂರು, ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್ನಿನ ಸರ್ಕಾರಿ ಸಾಲಿಗಳಲ್ಲಿ ಕಪ್ಪು ಜನರಿಗೆ ಆಗ ಶಿಕ್ಷಕರ ಕೆಲಸ ಇರಲಿಲ್ಲ. ದ್ವೀಪದಲ್ಲಿ 132 ಮಕ್ಕಳಿಗೆ ಇಬ್ಬರೇ ಶಿಕ್ಷಕರು. 1956ರಲ್ಲಿ, ಕಪ್ಪು ಜನರ ಹಕ್ಕಿನ ಸಂಘ ಎನ್‌ಎಎಸಿಪಿಯ ಸದಸ್ಯತ್ವ ಬಿಡಲು ಒಪ್ಪದ್ದಕ್ಕೆ ನೌಕರಿ ಹೋಯಿತು. ಪಿಂಚಣಿಯೂ ಹೋಯಿತು. ಅದು ಮತ್ತೆ ಸಿಕ್ಕಿದ್ದು 1976ರಲ್ಲಿ. ಪಿಂಚಣಿಯ ಸಂಕಟ ನಿಮಗೆ ನಾನು ಹೇಳಬೇಕೇ!

ಅಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕಿತ್ತು. ಅದಕ್ಕೇ 1957ರಲ್ಲಿ ಸೆಪ್ಟಿಮಾ ಮತ್ತು ಜೊತೆಗಾರರು ಅದೇ ದ್ವೀಪದಲ್ಲಿ, ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ದೊಡ್ಡವರಿಗಾಗಿ ರಾತ್ರಿ ಸಾಲಿ ಶುರು ಮಾಡಿದರು. ಪಾಠಕ್ಕೆ ಆರಿಸಿದ್ದು ಶಿಕ್ಷಕರನ್ನಲ್ಲ, ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಬರ್ನಿಸ್ ರಾಬಿನ್ಸನ್ ಅವರನ್ನು. ಅವರು ತಂದಿದ್ದ ಮಕ್ಕಳ ಪುಸ್ತಕ ಬದಿಗಿಟ್ಟು, ನಿಮಗೆ ಏನು ಕಲಿಯಬೇಕು ಅಂತ ಕೇಳಿದರು. ಹೆಸರು ಬರೆಯುವುದು, ಮನಿ ಆರ್ಡರ್ ಫಾರ್ಮ್ ತುಂಬುವುದು ಎಂದರು ಜನ. ಅಲ್ಲಿಂದಲೇ ಪಾಠ.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಾನೂ ಕಂದೀಲು ಹಿಡಿದು ಹೋದವನು. ‘ಆ’ ಅಂದರೆ ಆನೆ ಅಂತ ತಿದ್ದಿಸುತ್ತಿದ್ದೆ. ಒಬ್ಬ ಅಜ್ಜಿ ಪಾಟಿ ಕೆಳಗಿಟ್ಟಳು. “ತಮ್ಮಾ, ಆನಿ ತಗೊಂಡು ನಾ ಏನ್ ಮಾಡ್ಲಿ? ಬಸ್ಸಿನ ಬೋರ್ಡ್ ಓದೂದು ಕಲಸು.” ಮರುದಿನದಿಂದ ತಾಳಿಕೋಟಿ, ಹುನಗುಂದ, ಮುದ್ದೇಬಿಹಾಳ ಇದೇ ನಮ್ಮ ಅಕ್ಷರಮಾಲೆ. ಹದಿನೈದು ದಿನಕ್ಕೆ ಅಜ್ಜಿ ಒಬ್ಬಳೇ ಮಗಳ ಊರಿಗೆ ಹೋಗಿ ಬಂದಳು. ಇದು ಪಾಠವೋ ಚಳವಳಿಯೋ, ನೀವೇ ಹೇಳಿ.

ಈಗೇನಾಗಿದೆ? ಕಚೇರಿಗಳಲ್ಲಿ ಸೀರೆ ಉಟ್ಟ ವಯಸ್ಸಾದ ಹೆಂಗಸು ಕಂಡರೆ ಸಾಕು, ಕೇಳುವ ಮೊದಲೇ ಮಸಿ ಡಬ್ಬಿ ಮುಂದೆ ತಳ್ಳುತ್ತಾರೆ. ಪೆನ್ನು ಕೊಡಲು ಏನು ರೋಗ? ನಿಮ್ಮೂರಲ್ಲಿ ಎಳೆ ತಪ್ಪದೆ ದಡಿ ನೇಯುವ ಕೈಗಳಿಗೆ ಒಂದು ಸಹಿ ಜಾಸ್ತಿಯೇ? ಮೇಲಾಗಿ ಫೋನಿಗೆ ಬರುವ ಬ್ಯಾಂಕ್ ಲೆಕ್ಕದ ಸಂದೇಶ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಓದು ಬಂದವರೂ ಅಲ್ಲಿ ಹೆಬ್ಬೆಟ್ಟೇ.

ನಿಮ್ಮ ನಾಲ್ಕು ಹಾಳೆಯ ಅಕ್ಷರ ಮುತ್ತು ಪೋಣಿಸಿದಂತಿದೆ. ನಮ್ಮ ಕಚೇರಿಯ ಹುಡುಗರಿಗೆಲ್ಲ ತೋರಿಸಿದೆ. ನಿಮ್ಮ ಓಣಿಯಲ್ಲಿ ಹೆಬ್ಬೆಟ್ಟು ಒತ್ತುವವರು ಎಷ್ಟು ಮಂದಿ ಇದ್ದಾರೆ, ಗುರುಗಳೇ? ಮುಂದಿನ ಪತ್ರದಲ್ಲಿ ಅದನ್ನು ಬರೆಯಿರಿ, ಪೂರ್ತಿ ಅಚ್ಚು ಹಾಕುತ್ತೇನೆ.